ಬಾಲ ಬಂದ ಫೈಲುಗಳು

ಪ್ರೀತಿಯ ಗೆಳತಿ,

ನಿನ್ನ ಕಾಗದ ಓದಿ ಮೊದಲು ನಕ್ಕುಬಿಟ್ಟೆ, ಆಮೇಲೆ ಪಾಪ ಅನಿಸಿತು. ಊರ ಲೈಬ್ರರಿಯ ಪಟ್ಟಿಯಲ್ಲಿ ಯಾರೋ ಉದ್ದಕ್ಕೂ ‘ಪುಸ್ಥಕ’ ಅಂತ ಟೈಪಿಸಿಟ್ಟಿದ್ದಾರೆ. ಅದನ್ನು ತಿದ್ದಲು ನೀನು ಆಫೀಸಿನ ಲಿನಕ್ಸ್‌ನಲ್ಲಿ ಒಂದು ಸಾಲಿನ ಸ್ಕ್ರಿಪ್ಟ್ ಬರೆದೆ, ಅಲ್ಲಿ ಚೆನ್ನಾಗಿಯೇ ಓಡಿತು. ಮನೆಗೆ ಬಂದು ಮ್ಯಾಕ್‌ನಲ್ಲಿ ಓಡಿಸಿದರೆ 32 ಫೈಲು ಹೋಗಿ 64 ಆಗಿವೆ, ಅರ್ಧದಷ್ಟಕ್ಕೆ ಹೆಸರಿನ ತುದಿಯಲ್ಲಿ ‘-ಇ’ ಎಂಬ ಬಾಲ. ವೈರಸ್ಸಾ ಅಂತ ಕೇಳಿದ್ದೀಯ. ಅಲ್ಲ ಮಾರಾಯ್ತಿ.

ನೀನು ಬರೆದದ್ದು ‘ಸೆಡ್ -ಐ -ಇ’, ಅದರ ಮುಂದೆ ಏನನ್ನು ತೆಗೆದು ಏನು ಹಾಕಬೇಕು ಅನ್ನುವುದು. ಸೆಡ್ ಪಠ್ಯ ತಿದ್ದುವ ಉಪಕರಣ, -ಐ ಅಂದರೆ ಫೈಲನ್ನು ಇದ್ದಲ್ಲೇ ತಿದ್ದು ಅಂತ. ತಿದ್ದುವ ಮುಂಚೆ ಹಳೆಯ ಪ್ರತಿ ಎತ್ತಿಡಬೇಕಾದರೆ ಅದಕ್ಕೊಂದು ಬಾಲವನ್ನೂ ಹೇಳಬಹುದು. ಲಿನಕ್ಸ್‌ನಲ್ಲಿರುವ ಗ್ನೂ ಸೆಡ್‌ಗೆ ಬಾಲ ಬೇಕಿದ್ದರೆ -ಐಗೆ ಅಂಟಿಸಿಯೇ ಬರೆಯಬೇಕು, ಬೇಡವಾದರೆ ಬಿಡಬಹುದು. ಮ್ಯಾಕ್‌ನಲ್ಲಿರುವುದು ಬಿಎಸ್‌ಡಿ ಮನೆತನದ ಸೆಡ್. ಅದಕ್ಕೆ ಬಾಲ ಕಡ್ಡಾಯ. -ಐ ಆದಮೇಲೆ ಏನು ಸಿಕ್ಕಿದರೂ ಅದೇ ಬಾಲ ಅಂದುಕೊಳ್ಳುತ್ತದೆ. ನಿನ್ನ -ಇ ಸಿಕ್ಕಿತು, ಅದನ್ನೇ ಅಂಟಿಸಿತು. ನೀನು -ಇ ಕೂಡ ಬಿಟ್ಟಿದ್ದರೆ ತಿದ್ದುಪಡಿಯ ಸಾಲನ್ನೇ ಬಾಲ ಅಂದುಕೊಂಡು, ಫೈಲಿನ ಹೆಸರನ್ನು ಆಜ್ಞೆ ಎಂದು ಓದಲು ಹೋಗಿ, ತಲೆಬುಡ ತಿಳಿಯದ ಬೈಗುಳ ಬೈಯುತ್ತಿತ್ತು. ಆ ಲೆಕ್ಕದಲ್ಲಿ ನೀನು ಪುಣ್ಯವಂತೆ.

ಇದರಲ್ಲಿ ತಪ್ಪು ಯಾರದು ಅಂತ ಕೇಳಿದರೆ ಯಾರದೂ ಅಲ್ಲ. ಮೂಲದ ಸೆಡ್‌ನಲ್ಲಿ -ಐ ಎಂಬುದೇ ಇರಲಿಲ್ಲ. ಆಮೇಲೆ ಎರಡು ಮನೆಯವರೂ ತಂತಮ್ಮ ರೀತಿಯಲ್ಲಿ ಸೇರಿಸಿಕೊಂಡರು. ಇಂಥ ಪಾಲುಪಟ್ಟಿ ಹಳೆಯದು. ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಅದರ ಒಡೆಯರಾದ ಎಟಿ ಆ್ಯಂಡ್ ಟಿಯವರಿಗೆ 1956ರ ಒಂದು ಕಾನೂನು ಒಪ್ಪಂದದಿಂದಾಗಿ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವ ಹಾಗಿರಲಿಲ್ಲ. ಹಾಗಾಗಿ ಮೂಲ ಕೋಡ್ ವಿಶ್ವವಿದ್ಯಾಲಯಗಳಿಗೆ ಹೋಯಿತು, ಬರ್ಕ್ಲಿಯವರು ಅದರ ಮೇಲೆ ಬಿಎಸ್‌ಡಿ ಕಟ್ಟಿದರು. ಮೂಲಮನೆಯಲ್ಲಿ 1983ಕ್ಕೆ ಸಿಸ್ಟಮ್ ಫೈವ್ ಬಂತು. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ಕೇಳಬೇಕಾದರೆ ಬಿಎಸ್‌ಡಿಯವರು ಗೆರೆಯಿಲ್ಲದೆ ‘ಪಿಎಸ್ ಎಯುಎಕ್ಸ್’ ಅನ್ನುತ್ತಾರೆ, ಸಿಸ್ಟಮ್ ಫೈವ್‌ನವರು ಗೆರೆ ಹಾಕಿ ‘ಪಿಎಸ್ -ಇಎಫ್’ ಅನ್ನುತ್ತಾರೆ. ಲಿನಕ್ಸ್‌ನ ಪಿಎಸ್ ಎರಡು ಮನೆಯ ಅಳಿಯನಿದ್ದ ಹಾಗೆ, ಎರಡಕ್ಕೂ ತಲೆಯಾಡಿಸುತ್ತದೆ. 1988ರಲ್ಲಿ ಪೋಸಿಕ್ಸ್ ಎಂಬ ಒಪ್ಪಂದವೂ ಆಯಿತು. ಎಷ್ಟೋ ಜಗಳ ನಿಂತವು, ಎಲ್ಲವೂ ಅಲ್ಲ.

ಈ ವಿಚಿತ್ರಗಳನ್ನು ಒಂದೇಟಿಗೆ ಸರಿಮಾಡಿಬಿಡಬಾರದೇ ಅಂತ ನೀನು ಕೇಳೇ ಕೇಳುತ್ತೀಯ. ಪ್ರೋಗ್ರಾಮು ಕಟ್ಟಲು ಬಳಸುವ ‘ಮೇಕ್’ನ ಕಥೆ ಕೇಳು. 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅದನ್ನು ಬರೆದಾಗ, ಆಜ್ಞೆಯ ಸಾಲುಗಳೆಲ್ಲ ಟ್ಯಾಬ್‌ನಿಂದಲೇ ಶುರುವಾಗಬೇಕು ಅಂತ ಇಟ್ಟರು. ಕೆಲವೇ ವಾರಗಳಲ್ಲಿ ಅದು ಬೇಡದ ತಲೆನೋವು ಅಂತ ಅವರಿಗೇ ಗೊತ್ತಾಯಿತು. ಅಷ್ಟರಲ್ಲಿ ಹತ್ತು ಹನ್ನೆರಡು ಜನ, ಬಹುಪಾಲು ಸ್ನೇಹಿತರೇ, ಬಳಸತೊಡಗಿದ್ದರು. ಅವರ ಫೈಲುಗಳು ಕೆಡಬಾರದಲ್ಲ ಅಂತ ಹಾಗೇ ಬಿಟ್ಟರು. ಆ ಹತ್ತು ಹನ್ನೆರಡು ಜನರ ದಾಕ್ಷಿಣ್ಯವನ್ನು ಇವತ್ತಿಗೂ ಲಕ್ಷಾಂತರ ಮಂದಿ ಹೊರುತ್ತಿದ್ದಾರೆ. ನಾನೂ ಹೊತ್ತಿದ್ದೇನೆ. ಒಮ್ಮೆ ನನ್ನ ಎಡಿಟರ್ ಟ್ಯಾಬ್‌ಗಳನ್ನೆಲ್ಲ ಸದ್ದಿಲ್ಲದೆ ಸ್ಪೇಸ್ ಮಾಡಿಟ್ಟಿತ್ತು. ಕಣ್ಣಿಗೆ ಎರಡೂ ಒಂದೇ ಖಾಲಿ ಜಾಗ. ಅರ್ಧ ದಿನ ಆ ಖಾಲಿಯನ್ನೇ ದಿಟ್ಟಿಸಿ ಕೂತಿದ್ದೆ, ಚಹಾ ಆರಿ ಕೆನೆಗಟ್ಟಿತ್ತು. ಆದರೂ ಫೆಲ್ಡ್‌ಮನ್ ಮೇಲೆ ನನಗೆ ಸಿಟ್ಟಿಲ್ಲ. ನೆಂಟರು ಕೂತ ಮೇಲೆ ಚಾಪೆ ಎಳೆಯುವವನಿಗಿಂತ ಇಂಥವನೇ ವಾಸಿ.

ನಿನ್ನ ಫೈಲುಗಳು ಕನ್ನಡದವು, ಹಾಗಾಗಿ ಇನ್ನೊಂದು ಮಾತು. ‘ಕನ್ನಡ’ ಎಂಬ ಪದವನ್ನು ‘ಪ್ರಿಂಟ್‌ಎಫ್’ ಕೈಲಿ ‘ಡಬ್ಲ್ಯುಸಿ’ಗೆ ಕೊಟ್ಟು ಲೆಕ್ಕ ಹಾಕಿಸು. -ಸಿ ಅಂದರೆ 15 ಅನ್ನುತ್ತದೆ, -ಎಮ್ ಅಂದರೆ 5. ನಿನ್ನ ಕಣ್ಣಿಗೆ ಕಾಣುವ ಅಕ್ಷರ 3. ಮೂರೂ ಸರಿ. ಕ, ನ, ಹಲಂತದ ಗುರುತು, ಇನ್ನೊಂದು ನ, ಡ ಸೇರಿ ಐದು ಸಂಕೇತ. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್. ಯುಟಿಎಫ್-8 ಅನ್ನು 1992ರಲ್ಲಿ ರಾಬ್ ಪೈಕ್ ಜೊತೆ ಕೂತು ರೂಪಿಸಿದ್ದು ಯುನಿಕ್ಸ್ ಹುಟ್ಟಿಸಿದ ಕೆನ್ ಥಾಂಪ್ಸನ್ ಅವರೇ. ಹಳೆಯ ಪ್ರೋಗ್ರಾಮುಗಳು ಒಡೆಯದ ಹಾಗೆ ಹಳೆಯ ಆಸ್ಕಿ ಅಕ್ಷರಗಳನ್ನು ಅದರಲ್ಲಿ ಇದ್ದಂತೆಯೇ ಉಳಿಸಿದರು.

ಆದರೆ ಅಕ್ಷರ ಬೇರೆ, ಬೈಟ್ ಬೇರೆ ಎಂಬ ಪಾಠವನ್ನು ಎಲ್ಲ ಉಪಕರಣಗಳೂ ಓದಿಲ್ಲ. ಅದೇ ಪದದ ಮೊದಲ ಅಕ್ಷರ ಕತ್ತರಿಸು ಅಂತ ‘ಕಟ್ -ಸಿ1’ಗೆ ಹೇಳಿದರೆ ಮ್ಯಾಕ್ ‘ಕ’ ಕೊಡುತ್ತದೆ. ನನ್ನ ಹಳೆಯ ಲಿನಕ್ಸ್ ಡಬ್ಬಿ ಮೂರರಲ್ಲಿ ಒಂದು ಬೈಟ್ ಕಚ್ಚಿ ತಂದು ಪ್ರಶ್ನಾರ್ಥಕ ಚಿಹ್ನೆ ತೋರಿಸುತ್ತದೆ. ಅಕ್ಷರವೂ ಬೈಟೂ ‘ಸದ್ಯಕ್ಕೆ’ ಒಂದೇ ಅಂತ ಅಲ್ಲಿನ ಕಟ್‌ನ ಕೈಪಿಡಿಯಲ್ಲಿತ್ತು. ನಮ್ಮ ಬೀದಿಯ ರಸ್ತೆ ಅಗೆದವರೂ ಸದ್ಯಕ್ಕೆ ಅಂತಲೇ ಹೇಳಿ ಹೋಗಿದ್ದರು. ಪಟ್ಟಿಯನ್ನು ಅಕಾರಾದಿಗೆ ಒಡೆಯುವ ಯೋಚನೆಯಿದ್ದರೆ ಆ ಕೆಲಸಕ್ಕೆ ಕಟ್ ಬೇಡ.

ಮುಂದಿನ ಸಲ ‘-ಐ.ಬ್ಯಾಕ್’ ಅಂತ ಬಾಲವನ್ನು ಅಂಟಿಸಿಯೇ ಬರೆ. ಎರಡು ಮನೆಯವರಿಗೂ ಅದು ಅರ್ಥವಾಗುತ್ತದೆ. ಮತ್ತೆ, ಬಾಲದ 32 ಫೈಲುಗಳನ್ನು ಗಾಬರಿಯಲ್ಲಿ ಅಳಿಸಿಲ್ಲ ತಾನೆ? ಅವೇ ನಿನ್ನ ಮೂಲ ಪ್ರತಿಗಳು. ‘ಡಿಫ್’ ಹಾಕಿ ಜೋಡಿ ಜೋಡಿಯಾಗಿ ನೋಡು, ‘ಪುಸ್ಥಕ’ ಬಿಟ್ಟು ಬೇರೇನೂ ಬದಲಾಗಿಲ್ಲ ಅಂತ ಖಾತ್ರಿಯಾದರೆ ಆಮೇಲೆ ತೆಗೆ.

ಇಂತಿ ನಿನ್ನ,
ಹಳೆಯ ಗೆಳೆಯ