ಪರದೆಯಿಂದ ಹಾಳೆಗೆ

ಅಕ್ಷರವೆಂದರೆ ಅಳಿವಿಲ್ಲದ್ದು ಎಂದು ಗುರುಗಳು ಹೇಳುತ್ತಾರೆ. ಆದರೆ ಕಂಪ್ಯೂಟರಿನಲ್ಲಿ ಅದನ್ನು ಉಳಿಸಿಕೊಳ್ಳಲು ನಾವೂ ಎಚ್ಚರವಾಗಿರಬೇಕೆಂಬುದು ನನಗೆ ಒಂದು ಪ್ರಶಸ್ತಿಪತ್ರದಿಂದ ತಿಳಿಯಿತು.

ಪ್ರಬಂಧ ಸ್ಪರ್ಧೆಯೊಂದರ ಪ್ರಶಸ್ತಿಪತ್ರ ಅಂತರ್ಜಾಲದಲ್ಲಿ ಬಂದಿತ್ತು. ಅಪ್ಪನ ಮೊಬೈಲಿನಲ್ಲಿ ನನ್ನ ಹೆಸರು, ಊರು ಸ್ಪಷ್ಟವಾಗಿದ್ದವು. ಪಿಡಿಎಫ್ ಆಗಿ ಇಳಿಸಿಕೊಂಡರೆ ಆ ಜಾಗದಲ್ಲಿ ಬರೀ ಚೌಕಗಳು! ಅವರಿಗೆ ತಿಳಿಸಿದೆವು. ಎರಡನೆಯ ಸಲ ಹೆಸರು ಮೂಡಿತು; ಆದರೆ ಊರು ‘ದಾಮರಗಿದ್‌ದ’ ಎಂದು ಒಡೆದಿತ್ತು. ಮತ್ತೆ ಕೇಳಿದ ಮೇಲೆ ಎಲ್ಲವೂ ಸರಿಯಾಯಿತು.

ಹೀಗೇಕೆ? ನಮ್ಮ ಗಣಿತದ ಸಾರ್ ವಿವರಿಸಿದರು. ಸರ್ವರ್ ಎಂಬ ದೂರದ ಕಂಪ್ಯೂಟರು ಆ ಪುಟವನ್ನು ತಾನೇ ತೆರೆದು, 210 ಮಿ.ಮೀ. ಅಗಲ, 297 ಮಿ.ಮೀ. ಉದ್ದದ ಎ4 ಹಾಳೆಗೆ ಹೊಂದಿಸಿ, ಪಿಡಿಎಫ್ ಅಥವಾ ಚಿತ್ರ ಮಾಡಿಕೊಡುತ್ತದೆ. ಅದೊಂದು ಮುದ್ರಣಾಲಯವಿದ್ದಂತೆ. ಅಲ್ಲಿ ಕನ್ನಡದ ಮೊಳೆ, ಎಂದರೆ ಫಾಂಟು, ಇಲ್ಲದಿದ್ದರೆ ಚೌಕಗಳು ಬೀಳುತ್ತವೆ. ಒತ್ತು ಜೋಡಿಸುವ ತಂತ್ರಾಂಶವಿಲ್ಲದಿದ್ದರೆ ಅಕ್ಷರ ಒಡೆಯುತ್ತದೆ. ನಮ್ಮ ಮೊಬೈಲಿನಲ್ಲಿ ಫಾಂಟಿದ್ದು ಪ್ರಯೋಜನವಿಲ್ಲ.

ಯೂನಿಕೋಡಿನಲ್ಲಿ ತೆಲುಗು, ಕನ್ನಡಗಳಿಗೆ ತಲಾ 128 ಸ್ಥಾನಗಳು. ನಮ್ಮ ನಾರಾಯಣಪೇಟೆ ಸೀಮೆಯಂತೆ ಅಲ್ಲಿಯೂ ಅವು ನೆರೆಹೊರೆ. ಆದರೂ ತೆಲುಗಿನ ಫಾಂಟೊಂದೇ ಇದ್ದರೆ ಕನ್ನಡ ಮೂಡದು. ನೆರೆಮನೆಯ ದೀಪದಿಂದ ನಮ್ಮ ಮನೆ ಬೆಳಗುವುದೇ?

ಹೆಸರೇ ಕಾಣದ ಪತ್ರವನ್ನು ಮುಂದೆ ಕಾಲೇಜಿನಲ್ಲಿ ತೋರಿಸಿದರೆ ಅದು ನಮ್ಮದೆಂದು ನಂಬುವವರಾರು? ಆದ್ದರಿಂದ ಮಿತ್ರರೇ, ಪೋಷಕರೇ, ಪರದೆಯಲ್ಲಿ ಕಂಡಿತೆಂದು ಸುಮ್ಮನಾಗಬೇಡಿ. ಇಳಿಸಿಕೊಂಡ ಹಾಳೆಯನ್ನು ತೆರೆದು, ಒತ್ತಕ್ಷರಗಳನ್ನು ಒಂದೊಂದಾಗಿ ಓದಿ. ತಪ್ಪಿದ್ದರೆ ಸಂಕೋಚವಿಲ್ಲದೆ ಕೇಳಿ. ಕನ್ನಡದಲ್ಲಿ ಸರಿಯಾದ ಹೆಸರು ಕೇಳುವುದು ಹಟವಲ್ಲ, ಹಕ್ಕು.