ಇಲಿಗೆ ಬೀಗ, ನಮಗೆ ಕೀಲಿಕೈ

ಅಂಡ ಬಿಡುಗಡೆಯಾಗಲೆಂದು ಹೆಂಗಸರಿಗೆ ಕೊಡುವ ಕ್ಲೋಮಿಫೀನ್ ಮಾತ್ರೆ, ಇಲಿಗಳಲ್ಲಿ ಸಂತಾನವನ್ನೇ ತಡೆದಿತ್ತು ಎಂದರೆ ನಂಬುತ್ತೀರಾ?

1956ರಲ್ಲಿ ಅಮೆರಿಕದ ಮೆರೆಲ್ ಕಂಪನಿಯಲ್ಲಿ ಫ್ರ್ಯಾಂಕ್ ಪಲೋಪೊಲಿ ಇದನ್ನು ತಯಾರಿಸಿದರು. ಇದು ಈಸ್ಟ್ರೋಜನ್ ಅಲ್ಲ, ಆದರೆ ಈಸ್ಟ್ರೋಜನ್ ಕೂರುವ ಜಾಗದಲ್ಲಿ ಕೂರಬಲ್ಲದು. ಪ್ರಯೋಗಾಲಯದ ಇಲಿಗಳಿಗೆ ಕೊಟ್ಟಾಗ, ಅಂಡಾಶಯವನ್ನು ನಡೆಸುವ ಪಿಟ್ಯುಟರಿ ಹಾರ್ಮೋನುಗಳು ತಗ್ಗಿದವು, ಮರಿಗಳಾಗಲಿಲ್ಲ. 1961ರಲ್ಲಿ ಡಾ. ರಾಬರ್ಟ್ ಗ್ರೀನ್‌ಬ್ಲಾಟ್ ಮತ್ತು ಸಂಗಡಿಗರು ಪ್ರಕಟಿಸಿದ್ದು ಇದಕ್ಕೆ ತದ್ವಿರುದ್ಧ. ಅಂಡ ಬಿಡುಗಡೆಯಾಗದೆ ಇದ್ದ ಹೆಂಗಸರಲ್ಲಿ ಅದೇ ಔಷಧದಿಂದ ಬಿಡುಗಡೆಯಾಗಿತ್ತು.

ನಾನು ಇದನ್ನೆಲ್ಲ ಓದಿದ್ದು ಪುಣೆಯ ಮನೆಯಲ್ಲಿ, ಅದೇ ಮಾತ್ರೆಯ ಎರಡನೇ ಸುತ್ತು ನಡೆಯುತ್ತಿದ್ದಾಗ. ನನಗೆ ಪಿಸಿಓಎಸ್, ವಯಸ್ಸು ಮೂವತ್ತೆಂಟು. ಇಲಿಗಳ ಸಾಲು ಓದಿ ಎದೆ ಧಸಕ್ಕೆಂದಿತು. ಸಾಫ್ಟ್‌ವೇರ್‌ನವರ ಚಾಳಿ, ಕಾರಣ ಸಿಗುವವರೆಗೆ ನಿದ್ದೆ ಬರುವುದಿಲ್ಲ.

ಕಾರಣ ಹೀಗಿದೆ. ಮೆದುಳಿನ ಹೈಪೋಥಲಾಮಸ್ ಮೈಯಲ್ಲಿ ಈಸ್ಟ್ರೋಜನ್ ಎಷ್ಟಿದೆ ಎಂದು ಗಮನಿಸುತ್ತಲೇ ಇರುತ್ತದೆ. ಸಾಕಷ್ಟಿದ್ದರೆ ಪಿಟ್ಯುಟರಿಯನ್ನು ಸುಮ್ಮನಿರಿಸುತ್ತದೆ. ಕ್ಲೋಮಿಫೀನ್ ನಮ್ಮಲ್ಲಿ ಅಲ್ಲಿ ಅಡ್ಡ ಕೂತು ಆ ಸುದ್ದಿ ತಲುಪದಂತೆ ಮಾಡುತ್ತದೆ. ಈಸ್ಟ್ರೋಜನ್ ಕಡಿಮೆಯಾಯಿತೆಂದು ಮೆದುಳು ತಿಳಿಯುತ್ತದೆ, ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನುಗಳು ಹೆಚ್ಚುತ್ತವೆ, ಅಂಡ ಬಲಿಯುತ್ತದೆ. ಆದರೆ ಈ ಅಣುವಿಗೆ ಎರಡು ಮುಖ: ಒಂದೆಡೆ ಈಸ್ಟ್ರೋಜನ್ನನ್ನು ತಡೆಯುತ್ತದೆ, ಇನ್ನೊಂದೆಡೆ ತಾನೇ ಈಸ್ಟ್ರೋಜನ್ನಿನಂತೆ ನಡೆದುಕೊಳ್ಳುತ್ತದೆ. ಯಾವ ಮುಖ ಎನ್ನುವುದು ಯಾವ ಪ್ರಾಣಿ, ಯಾವ ಅಂಗ, ಎಷ್ಟು ಪ್ರಮಾಣ ಎಂಬುದರ ಮೇಲಿದೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಕಥೆಯೂ ಇದೇ. ಇಲಿಗಳಲ್ಲಿ ಗರ್ಭ ತಡೆಯಿತು, ಹೆಂಗಸರಲ್ಲಿ ಅಂಡ ಬಿಡಿಸಿತು.

ನನಗೆ ಆ ಸುತ್ತಿನಲ್ಲಿ ಅಂಡವೇನೋ ಬಿಡುಗಡೆಯಾಯಿತು, ಗರ್ಭ ನಿಲ್ಲಲಿಲ್ಲ. ಮಾತ್ರೆ ಬಾಗಿಲು ತೆರೆದೀತು ಅಷ್ಟೇ, ಒಳಗೆ ಬರುವವರನ್ನು ಕರೆತರುವ ಶಕ್ತಿ ಅದಕ್ಕಿಲ್ಲ. ಇದನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸುವುದು ಹಾರ್ಮೋನಿನ ಪಾಠಕ್ಕಿಂತ ಕಷ್ಟವಾಯಿತು.

ಮಕ್ಕಳಿಗಾಗಿ ಕಾಯುತ್ತಿರುವವರಿಗೆ ಊರಿನಿಂದ ವಾಟ್ಸಾಪ್ ಬರುವುದು ತಪ್ಪುವುದಿಲ್ಲ: "ಸೋಯಾ ತಿನ್ನಬೇಡ, ಇಲಿಗಳಿಗೆ ಹಾಗಾಯಿತಂತೆ, ಹೀಗಾಯಿತಂತೆ." ಅಂಥವರ ಮೇಲೆ ಸಿಟ್ಟಾಗಬೇಡಿ, ಅದು ಪ್ರೀತಿಯೇ. ಇಲಿಗಳ ಪ್ರಯೋಗವೂ ವ್ಯರ್ಥವಲ್ಲ, ಈ ಔಷಧ ಯಾವ ತಂತಿಯನ್ನು ಮೀಟುತ್ತದೆ ಎಂದು ಮೊದಲು ತೋರಿಸಿದ್ದು ಅವೇ. ಆದರೆ ಹೆದರುವ ಮೊದಲು ಎರಡು ಪ್ರಶ್ನೆ ಕೇಳಿ: ಎಷ್ಟು ಕೊಟ್ಟಿದ್ದರು? ಮನುಷ್ಯರಲ್ಲಿ ನೋಡಿದ್ದಾರಾ? ಉತ್ತರ ನಿಮ್ಮ ಡಾಕ್ಟರ ಹತ್ತಿರ ಸಿಕ್ಕೀತು, ಫಾರ್ವರ್ಡಿನಲ್ಲಿ ಅಲ್ಲ.