ಪಾರ್ಟು ಕೂಡದಿದ್ದರೆ ಮಗ್ಗಕ್ಕೆ ಕಾನಸ ಹಚ್ಚಬೇಡಿ

ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿ ಪಾವರ್‌ಲೂಮಿನ ಸದ್ದು ಇದ್ದದ್ದೇ. ಆ ಸದ್ದಿನ ನಡುವೆ ಒಂದೇ ಒಂದು ಮಗ್ಗ ನಿಂತರೂ ಮನೆಯವರಿಗೆ ಒಳಗೆ ಕೂತಲ್ಲೇ ಗೊತ್ತಾಗುತ್ತದೆ. ನಮ್ಮ ಬಳಗದಲ್ಲಿ ಮಗ್ಗದ ಮನೆಯಲ್ಲಿ ಬೆಳೆದವರಿದ್ದೇವೆ, ಮುಧೋಳ, ಜಮಖಂಡಿ, ಬೀಳಗಿ ಕಡೆಯ ಕಬ್ಬಿನ ಹೊಲದವರೂ ಇದ್ದೇವೆ. ಮಗ್ಗವಾಗಲಿ, ಟ್ರ್ಯಾಕ್ಟರ್ ಆಗಲಿ, ನಮ್ಮೆಲ್ಲರ ಮನೆಗಳಲ್ಲಿ ಕೇಳಿದ ಮಾತು ಒಂದೇ: “ಹೊಸಾ ಪಾರ್ಟ್ ತಂದೀನಿ, ಕೂಡವಲ್ದು.”

ಅದರ ಹಿಂದೆಯೇ ಬರುವ ಮಾತೂ ಒಂದೇ: “ಸ್ವಲ್ಪ ಕಾನಸ ಹೊಡೀರಿ, ಕೂಡ್ತದ.”

ಈ ಎರಡನೆಯ ಮಾತಿನ ಬಗ್ಗೆಯೇ ನಾವು ಇಲ್ಲಿ ಬರೆಯುತ್ತಿರುವುದು. ಕಾನಸ, ಅಂದರೆ ಅರ, ಕೆಟ್ಟ ಸಾಮಾನಲ್ಲ. ಆದರೆ ಅದನ್ನು ಯಾವುದಕ್ಕೆ ಹಚ್ಚುತ್ತೇವೆ, ಯಾವಾಗ ಹಚ್ಚುತ್ತೇವೆ ಎಂಬುದರ ಮೇಲೆ ಮಗ್ಗದ ಆಯುಷ್ಯ ನಿಂತಿದೆ.

ಅವಸರ ಯಾಕೆ ಎಂಬುದು ನಮಗೆ ಗೊತ್ತು. ನೇಕಾರರಿಗೆ ಕೂಲಿ ಬರುವುದು ನೇಯ್ದ ಸೀರೆಗೆ, ಕಾದು ಕೂತ ತಾಸಿಗೆ ಅಲ್ಲ. ಮಗ್ಗ ನಿಂತರೆ ಕೂಲಿ ನಿಂತಿತು. ಪಾರ್ಟು ತಿರುಗಿ ಕೊಟ್ಟು ಬೇರೆ ತರಲು ಅರ್ಧ ದಿನ ಹೋಗುತ್ತದೆ. ಉಜ್ಜಿ ಕೂಡಿಸಿದರೆ ಹತ್ತು ನಿಮಿಷದ ಕೆಲಸ. ಹೀಗಾಗಿ ಎಲ್ಲರೂ ಉಜ್ಜುತ್ತಾರೆ.

ಇನ್ನೊಂದು ಕಾರಣವೂ ಇದೆ. ನಮ್ಮ ಕಡೆಯ ಬಹಳಷ್ಟು ಮಗ್ಗಗಳು ಎರಡನೇ ಕೈಯವು, ಮೂರನೇ ಕೈಯವು. ಅವನ್ನು ಮೊದಲು ಎರಕ ಹೊಯ್ದ ಕಾರ್ಖಾನೆ ಯಾವುದೆಂದು ಮಾಲೀಕನಿಗೇ ಗೊತ್ತಿರುವುದಿಲ್ಲ. “ಒರಿಜಿನಲ್ ಪಾರ್ಟ್ ಹಾಕ್ರಿ” ಎಂದು ಹೇಳುವುದು ಸುಲಭ, ಆದರೆ ಒರಿಜಿನಲ್ ಎಲ್ಲಿಂದ ತರೋಣ? ಬೇರೆಯವರು ಮಾಡಿದ ಪಾರ್ಟೇ ನಮಗೆ ಗತಿ. ಹಾಗೆಂದು ಅದೆಲ್ಲ ಡೂಪ್ಲಿಕೇಟ್ ಅಲ್ಲ. ತನ್ನ ಹೆಸರು ಹಾಕಿ ಬೇರೆ ಕಂಪನಿ ಮಾಡಿದ್ದು ಒಂದು ಬಗೆ, ಇನ್ನೊಬ್ಬರ ಹೆಸರು ಕದ್ದು ಮಾಡಿದ್ದು ಇನ್ನೊಂದು ಬಗೆ. ಎರಡನೆಯದು ಮೋಸ. ಮೊದಲನೆಯದು ಬರೀ ಅಳತೆಯ ಪ್ರಶ್ನೆ.

ಬನಹಟ್ಟಿಯ ಒಂದು ಮನೆಯಲ್ಲಿ ನಾವು ನೋಡಿದ್ದನ್ನು ಹೇಳುತ್ತೇವೆ. ಎರಡು ಬಣ್ಣದ ಹೊಕ್ಕು ಹಾಕುವ ಡ್ರಾಪ್‌ಬಾಕ್ಸ್ ಮಗ್ಗ, ಅದಕ್ಕೆ ಎರಡು ಲಾಳಿ. ಒಂದು ಲಾಳಿ ಸೀಳಿತು. ಮನೆಯಾತ ಪೇಟೆಯಿಂದ ಒಂದೇ ಒಂದು ಹೊಸ ಲಾಳಿ ತಂದ. ಹೊಸದು ಹಳೆಯದಕ್ಕಿಂತ ಕೂದಲೆಳೆ ದಪ್ಪ. ಬಾಕ್ಸಿನೊಳಗೆ ಬಿಗಿಯಾಗಿ ಹೋಗಿ ಪಿಕರ್ ತನಕ ಮುಟ್ಟದೆ ನಿಲ್ಲುತ್ತಿತ್ತು. ಆಗ ಬಾಕ್ಸಿನಲ್ಲಿ ಲಾಳಿಯನ್ನು ಒತ್ತಿ ಹಿಡಿಯುವ ಪಟ್ಟಿ ಇದೆಯಲ್ಲ, ಸ್ವೆಲ್, ಅದನ್ನು ಉಜ್ಜಿ ಸಡಿಲ ಮಾಡಿದರು. ಹೊಸ ಲಾಳಿ ಚೆನ್ನಾಗಿ ಓಡಿತು.

ಕೆಟ್ಟದ್ದು ಹಳೆಯ ಲಾಳಿಯ ಓಟ. ಅದು ಸವೆದು ಸಣ್ಣದಾಗಿತ್ತು, ಸಡಿಲವಾದ ಸ್ವೆಲ್ ಅದನ್ನು ಹಿಡಿಯಲಿಲ್ಲ. ಪಿಕರಿಗೆ ಬಡಿದು ಹಿಂದಕ್ಕೆ ಪುಟಿಯಿತು. ಮುಂದಿನ ಏಟಿಗೆ ಪಿಕರ್ ಮೊದಲು ಖಾಲಿ ಜಾಗ ದಾಟಿ ಆಮೇಲೆ ಲಾಳಿಗೆ ಬಡಿಯಿತು. ಏಟು ಮೆತ್ತಗಾಯಿತು, ಲಾಳಿ ತಡವಾಯಿತು, ಹಾಸಿನ ನಡುವೆಯೇ ಸಿಕ್ಕಿಕೊಂಡಿತು. ಹಣಿಗೆ ಬಂದು ಅಪ್ಪಳಿಸಿ ನೂರಾರು ಎಳೆ ಹರಿದವು. ಆ ಎಳೆಗಳನ್ನು ಒಂದೊಂದಾಗಿ ಹುಡುಕಿ ಗಂಟು ಹಾಕಿದ್ದು ಮನೆಯಾಕೆ. ಕತ್ತಲಾಗುವವರೆಗೂ ಬೆನ್ನು ಬಗ್ಗಿಸಿ ಕೂತಿದ್ದಳು. ಆ ಕೆಲಸಕ್ಕೆ ಕೂಲಿ ಯಾರೂ ಕೊಡುವುದಿಲ್ಲ.

ಇಲ್ಲಿ ತಪ್ಪಿದ್ದು ಯಾವುದು? ಹೊಸ ಲಾಳಿಯೂ ಅಲ್ಲ, ಹಳೆಯದೂ ಅಲ್ಲ. ಎರಡರ ಜೋಡಿ ತಪ್ಪಿತ್ತು. ಒಂದೇ ಮಗ್ಗದ ಲಾಳಿಗಳ ಅಗಲ, ಎತ್ತರ, ತೂಕ ಒಂದೇ ಇರಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲವೆ ಹೊಸದನ್ನು ಬಲ್ಲವರ ಕೈಯಿಂದ ಹಳೆಯದರ ಅಳತೆಗೆ ತರಿಸಬೇಕು. ಲಾಳಿ ಕಟ್ಟಿಗೆಯದು, ಕೆಟ್ಟರೆ ಇನ್ನೊಂದು ತರಬಹುದು. ಬಾಕ್ಸು ಮಗ್ಗದ ಅಂಗ. ಉಜ್ಜಲೇಬೇಕಾದರೆ ಅಗ್ಗದ್ದನ್ನು ಉಜ್ಜಿ, ಬದಲಿಸಲು ಬರುವುದನ್ನು ಉಜ್ಜಿ. ಮಗ್ಗವನ್ನು ಉಜ್ಜಬೇಡಿ. ನಮ್ಮ ಮಾತಿನ ಸಾರ ಇಷ್ಟೇ.

ಉಜ್ಜುವ ಮುಂಚೆ ಕೇಳಬೇಕಾದ ಪ್ರಶ್ನೆ: ತಪ್ಪು ಹೊಸದರಲ್ಲಿದೆಯೋ, ಹಳೆಯದರಲ್ಲಿದೆಯೋ? ಹೊಸ ಬುಶ್ ಶಾಫ್ಟಿನ ತುದಿಯಲ್ಲಿ ಬಿಗಿ, ನಡುವೆ ಸಡಿಲ ಎಂದರೆ ಬುಶ್ ಸರಿಯಿದೆ, ಶಾಫ್ಟ್ ಸವೆದಿದೆ. ಶಾಫ್ಟನ್ನು ಮೂರು ಕಡೆ, ಪ್ರತಿ ಕಡೆ ಅಡ್ಡ ಒಮ್ಮೆ ಉದ್ದ ಒಮ್ಮೆ ವರ್ನಿಯರ್ ಹಿಡಿದು ಅಳೆಯಿರಿ. ಎರಡು ಅಳತೆ ಬೇರೆ ಬಂದರೆ ಶಾಫ್ಟ್ ಮೊಟ್ಟೆಯಾಕಾರಕ್ಕೆ ಬಂದಿದೆ ಎಂದರ್ಥ. ಆಗ ಎಷ್ಟು ಬುಶ್ ಬದಲಿಸಿದರೂ ಅಷ್ಟೇ.

ಎರಡನೆಯದು ಇಂಚು ಮತ್ತು ಮಿಲಿಮೀಟರಿನ ಜಗಳ. ಹಳೆಯ ಮಗ್ಗಗಳ ಮೂಲ ನಮೂನೆ ಇಂಗ್ಲೆಂಡಿನದು, ಅಳತೆ ಇಂಚಿನದು. ಈಗ ಅಂಗಡಿಗೆ ಬರುವ ಮಾಲು ಹೆಚ್ಚಾಗಿ ಮಿಲಿಮೀಟರಿನದು. 5/16 ಇಂಚು ಅಂದರೆ 7.94 ಮಿ.ಮೀ. ಅದರ ನಟ್ಟಿಗೆ 8 ಮಿ.ಮೀ. ಬೋಲ್ಟ್ ಇಟ್ಟರೆ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. “ಜಂಗ್ ಹಿಡದದ” ಎಂದು ಪಾನಾ ಹಾಕಿ ತಿರುವಿದರೆ ಆಟಿ ಹಾಳು. ಹಳೆಯ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 18 ಆಟಿ, 8 ಮಿ.ಮೀ. ಬೋಲ್ಟಿಗೆ ಇಂಚಿಗೆ 20ಕ್ಕೂ ಸ್ವಲ್ಪ ಹೆಚ್ಚು. ಕೈಯಿಂದ ಸರಾಗವಾಗಿ ಹೋಗದ ಬೋಲ್ಟಿಗೆ ಪಾನಾ ಹಾಕಬಾರದು.

ಬೇರಿಂಗಿನಲ್ಲೂ ಹೀಗೇ. ಒಂದು ಇಂಚಿನ ಶಾಫ್ಟ್ 25.4 ಮಿ.ಮೀ., 25 ಮಿ.ಮೀ. ಬೇರಿಂಗ್ ಅದಕ್ಕೆ ಹೋಗುವುದಿಲ್ಲ. ಹಲವರು ಶಾಫ್ಟನ್ನೇ ಎಮರಿ ಹಾಳೆಯಿಂದ ತಿಕ್ಕುತ್ತಾರೆ. ಆದರೆ ಬ್ಲಾಕಿನಲ್ಲಿ ಕೂಡುವ ಯು.ಸಿ. 205 ಬೇರಿಂಗ್ 25 ಮಿ.ಮೀ.ಗೆ ಇದ್ದಂತೆ, ಯು.ಸಿ. 205-16 ಎಂಬುದು ಸರಿಯಾಗಿ ಒಂದು ಇಂಚಿಗೆ ಸಿಗುತ್ತದೆ. ಹೊರಗಿನ ಅಳತೆ ಎರಡಕ್ಕೂ ಒಂದೇ. ಅಂಗಡಿಯಲ್ಲಿ ಆ 16 ಎಂಬ ಅಂಕಿ ಹೇಳಿದರೆ ಸಾಕು, ಶಾಫ್ಟ್ ಉಳಿಯಿತು.

ಗೇರಿನದು ಇನ್ನೂ ಮೋಸದ ಆಟ, ಯಾಕೆಂದರೆ ತಪ್ಪು ಗೇರು ಮೊದಲ ದಿನ ಓಡುತ್ತದೆ. 20 ಹಲ್ಲಿನ ಗೇರು 2 ಮಾಡ್ಯೂಲಿನದಾದರೆ ಹೊರಗಿನ ಅಳತೆ 44 ಮಿ.ಮೀ. ಅಷ್ಟೇ ಹಲ್ಲಿನ, ಇಂಚಿನ ಲೆಕ್ಕದ 12 ಡಿ.ಪಿ. ಗೇರಾದರೆ ಸುಮಾರು 46.6 ಮಿ.ಮೀ. ಹಲ್ಲು ಎಣಿಸಿ “ಬರೋಬ್ಬರಿ ಅದ” ಎಂದು ತಂದು ಹಾಕಿದರೆ ಗರಗರ ಸದ್ದು ಮಾಡುತ್ತ ಜೋಡಿ ಗೇರನ್ನೂ ತಿಂದು ಹಾಕುತ್ತದೆ. ಹಲ್ಲಿನ ಎಣಿಕೆಯ ಜೊತೆ ಹೊರ ಅಳತೆಯನ್ನೂ ನೋಡಲೇಬೇಕು.

ಪಿಕರ್ ಬದಲಿಸುವವರಿಗೆ ಒಂದು ಸುಲಭ ಪರೀಕ್ಷೆ. ಮೊದಲು ಮೇನ್ ಸ್ವಿಚ್ ಬಂದ್ ಮಾಡಿ, ಫ್ಯೂಜ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಲಾಳಿಯ ಕಬ್ಬಿಣದ ತುದಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ ಕೈಯಿಂದ ಬಾಕ್ಸಿಗೆ ತಳ್ಳಿ. ಪಿಕರಿನ ಮೇಲೆ ಕೆಂಪು ಗುರುತು ಎಲ್ಲಿ ಬಿತ್ತು ನೋಡಿ. ನಡುವೆ ಬಿದ್ದರೆ ಸರಿ. ಪಕ್ಕಕ್ಕೆ ಬಿದ್ದರೆ ಪಿಕರನ್ನು ಬೈಯುವ ಮುಂಚೆ ಅದು ಓಡುವ ಸರಳು ಬಗ್ಗಿದೆಯೇ, ಬಾಕ್ಸಿನ ತಳ ಸವೆದಿದೆಯೇ ನೋಡಿ. ಪಿಕರಿನ ತೂತು ಬಿಗಿ ಇದ್ದರೆ ತೂತನ್ನು ಸ್ವಲ್ಪ ಬಿಡಿಸಬಹುದು, ಸರಳನ್ನು ತಿಕ್ಕಬಾರದು. ಏಟು ಓರೆಯಾದರೆ ಲಾಳಿ ಹಾಸು ಬಿಟ್ಟು ಹೊರಗೆ ಹಾರುತ್ತದೆ. ಅದರ ತುದಿ ಮೊನಚು. ಪಕ್ಕದ ಮಗ್ಗದ ಮುಂದೆ ಯಾರದೋ ಮುಖ ಇರುತ್ತದೆ.

ಒಂದು ಸಲಕ್ಕೆ ಒಂದೇ ಪಾರ್ಟು ಬದಲಿಸಿ, ಕೈಯಿಂದ ಮಗ್ಗ ಪೂರ್ತಿ ತಿರುಗಿಸಿ ನೋಡಿ, ಆಮೇಲೆ ಕರೆಂಟು. ಮೂರು ಪಾರ್ಟು ಒಮ್ಮೆಗೇ ಹಾಕಿದರೆ ಯಾವುದು ತೊಂದರೆ ಕೊಡುತ್ತಿದೆ ಎಂದು ಜಾಬರನಿಗೂ ತಿಳಿಯುವುದಿಲ್ಲ.

ಹೊಲದವರಿಗೂ ಲೆಕ್ಕ ಇದೇ. ಟ್ರ್ಯಾಕ್ಟರಿನ ಕೆಳಗಿನ ಲಿಂಕಿನ ಪಿನ್ನು ಒಂದನೇ ವರ್ಗದ್ದಾದರೆ 22 ಮಿ.ಮೀ., ಎರಡನೇ ವರ್ಗದ್ದಾದರೆ 28 ಮಿ.ಮೀ. ದೊಡ್ಡ ತೂತಿಗೆ ಸಣ್ಣ ಪಿನ್ನು ಹಾಕಿ ರೋಟಾವೇಟರ್ ಎಳೆದರೆ ತೂತು ದಿನದಿಂದ ದಿನಕ್ಕೆ ಅಗಲವಾಗುತ್ತ ಹೋಗುತ್ತದೆ. ನಡುವೆ ಹಾಕುವ ಬುಶ್ ಸಿಗುತ್ತದೆ, ತೂತಿಗೆ ವೆಲ್ಡಿಂಗ್ ಮಾಡಿಸುವ ಖರ್ಚಿಗಿಂತ ಅದು ಎಷ್ಟೋ ಅಗ್ಗ.

ಒಂದು ಯಂತ್ರದ ಪಾರ್ಟು ಇನ್ನೊಂದಕ್ಕೆ ಕೂಡಬೇಕು ಎಂಬ ಆಸೆ ಬಲವಾಗಿ ಬೆಳೆದದ್ದು ಬಂದೂಕಿನ ಕೆಲಸದಲ್ಲಿ. 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆವೆಂದು ಬ್ರಿಟಿಷರ ವಿರುದ್ಧ ನಿಂತ ಹಲಗಲಿಯ ಬೇಡರು ನಮ್ಮ ಮುಧೋಳ ತಾಲೂಕಿನವರು. ಹಳೆಯ ಕಾಲದ ಕೈಕೆಲಸದ ಬಂದೂಕು ಎಂದರೆ ಒಬ್ಬ ಕುಶಲಕರ್ಮಿ ಒಂದೊಂದು ಭಾಗವನ್ನೂ ಅರ ಹೊಡೆದು ಜೋಡಿಸಿದ್ದು. ಒಂದರ ಕುದುರೆ ಮುರಿದರೆ ಇನ್ನೊಂದರ ಕುದುರೆ ಅದಕ್ಕೆ ಕೂಡುತ್ತಿರಲಿಲ್ಲ. 1785ರಲ್ಲಿ ಫ್ರಾನ್ಸಿನ ಒನೋರೆ ಬ್ಲಾಂ ಎಂಬ ಬಂದೂಕು ತಯಾರಕ ರಾಶಿಯಿಂದ ಕೈಗೆ ಸಿಕ್ಕ ತುಂಡುಗಳನ್ನೇ ಜೋಡಿಸಿದರೂ ಕೂಡುವಂತೆ ಬಂದೂಕಿನ ಲಾಕು ಮಾಡಿ ತೋರಿಸಿದ. ಆಗ ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ತಾನೇ ಕೆಲವನ್ನು ಜೋಡಿಸಿ ನೋಡಿ ತನ್ನ ದೇಶಕ್ಕೆ ಪತ್ರ ಬರೆದ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಬೋಲ್ಟಿನ ಆಟಿಗೆ ಒಂದೇ ಅಳತೆ ಇರಲಿ ಎಂದು ಮುಂದಿಟ್ಟ. ಮೇಲೆ ಹೇಳಿದ ಇಂಚಿನ ಬೋಲ್ಟಿಗೆ ಆತನದೇ ಹೆಸರು.

ಅಷ್ಟು ಕಷ್ಟಪಟ್ಟು ಬಂದ ಅನುಕೂಲವನ್ನು ನಾವು ಕಾನಸ ಹಿಡಿದು ಒಂದೊಂದೇ ಏಟಿಗೆ ಕಳೆದುಕೊಳ್ಳುತ್ತಿದ್ದೇವೆ. ಇಪ್ಪತ್ತು ವರ್ಷ ಉಜ್ಜಿಸಿಕೊಂಡ ಮಗ್ಗ ಪಕ್ಕದ ಮಗ್ಗದ ಜಾತಿಯದೇ ಆದರೂ ಅದರ ಪಾರ್ಟು ಇದಕ್ಕೆ ಹೋಗುವುದಿಲ್ಲ. ಎಲ್ಲಿ ಎಷ್ಟು ಉಜ್ಜಿದೆ ಎಂಬುದು ಒಬ್ಬ ಜಾಬರನ ತಲೆಯಲ್ಲಿ ಮಾತ್ರ ಇರುತ್ತದೆ. ಆತನಿಗೆ ವಯಸ್ಸಾಗಿ ಮನೆ ಹಿಡಿದರೆ, ಊರು ಬಿಟ್ಟರೆ, ಮಗ್ಗ ಗುಜರಿಗೆ ಹೋಗುತ್ತದೆ. ಕೆಟ್ಟು ಹೋದ ಮಗ್ಗಗಳಲ್ಲಿ ಎಷ್ಟೋ ನಿಜವಾಗಿ ಕೆಟ್ಟಿರುವುದಿಲ್ಲ, ಅವುಗಳ ಅಳತೆ ತಿಳಿದವರು ಇರುವುದಿಲ್ಲ ಅಷ್ಟೇ.

ಹೀಗಾಗಿ ನಮ್ಮ ವಿನಂತಿ. ಮಗ್ಗದ ಹಿಂದಿನ ಗೋಡೆಗೆ ಬಣ್ಣದಲ್ಲಿ ಬರೆಯಿರಿ: ಶಾಫ್ಟ್ ಎಷ್ಟು, ಬೇರಿಂಗ್ ನಂಬರ್ ಏನು, ಗೇರಿನ ಹಲ್ಲು ಎಷ್ಟು, ಹೊರ ಅಳತೆ ಎಷ್ಟು, ಲಾಳಿಯ ಅಗಲ ಎಷ್ಟು, ಬೋಲ್ಟ್ ಇಂಚಿನದೋ ಮಿಲಿಮೀಟರಿನದೋ. ಏನಾದರೂ ಉಜ್ಜಿದ್ದರೆ ಅದನ್ನೂ ತಾರೀಖು ಹಾಕಿ ಬರೆಯಿರಿ. ಮೊಬೈಲಿನಲ್ಲಿ ಒಂದು ಫೋಟೋ ಇರಲಿ, ಅಂಗಡಿಗೆ ಹೋಗುವಾಗ ಹಳೆಯ ಪಾರ್ಟು ಜೊತೆಗಿರಲಿ. ಉಜ್ಜುವ ಮುಂಚೆಯೇ ಕೂಡಿಸಿ ನೋಡಿ, ಯಾಕೆಂದರೆ ಉಜ್ಜಿದ ಪಾರ್ಟನ್ನು ಅಂಗಡಿಯವರು ತಿರುಗಿ ತೆಗೆದುಕೊಳ್ಳುವುದು ಕಷ್ಟ. ಬಿಲ್ಲು ಕೇಳಿ ಪಡೆಯಿರಿ. ಹೆಸರು ಕದ್ದ ಮಾಲು ಎಂದು ಅನುಮಾನ ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಆಗ ಕೈಯಲ್ಲಿ ಬಿಲ್ಲು ಬೇಕಾಗುತ್ತದೆ.

ಗೋಡೆಯ ಮೇಲೆ ಬರೆಯಲು ಬೇಕಾದದ್ದು ಒಂದು ಕುಂಚ, ಒಂದು ವರ್ನಿಯರ್, ಅರ್ಧ ತಾಸು. ಈ ಸಲ ಕರೆಂಟು ಹೋದಾಗ ಮಾಡಿ ನೋಡಿ.